ಬೇರಿನ ಜೊತೆ ಮಣ್ಣೂ ಬರಲಿ

ಹೋದ ತಿಂಗಳು ಈ ಅಂಕಣದಲ್ಲಿ ಜೀವಕೋಶದ ಪೊರೆಯ ಬಗ್ಗೆ ಬರೆಯುತ್ತಾ, "ಈಗ ಪಾಲಿಮರ್ ಹಾಕಿ ಪ್ರೋಟೀನನ್ನು ಸುತ್ತಲಿನ ಕೊಬ್ಬಿನ ಸಮೇತ ಕತ್ತರಿಸಿ ತೆಗೆಯುತ್ತಾರೆ" ಎಂದು ಒಂದು ಸಾಲು ಸುಮ್ನೆ ಸೇರಿಸಿದ್ದೆ. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಏನು ಕೆಲಸ ಅಂತ ಕೇಳಿದರೆ "ಪೊರೆಯಿಂದ ಪ್ರೋಟೀನ್ ಹೊರಗೆ ತೆಗೀತೀನಿ ಅಮ್ಮಾ" ಅನ್ನುತ್ತಾಳೆ. ಎರಡು ವರ್ಷದಿಂದ ತೆಗೆಯುತ್ತಲೇ ಇದ್ದಾಳೆ. ಅದು ಅಷ್ಟು ಕಷ್ಟವಾ? ತೆಗೆದು ಏನು ಮಾಡುತ್ತಾರೆ?
— ನಿವೃತ್ತ ಶಿಕ್ಷಕಿ, ಸಾಗರ

ಮೇಡಂ, ಎರಡು ವರ್ಷ ಏನೂ ಜಾಸ್ತಿ ಅಲ್ಲ, ಮಗಳನ್ನು ಬೈಯಬೇಡಿ. ನಾನು ಲ್ಯಾಬಿನಲ್ಲಿದ್ದಾಗ ಒಂದೇ ಪ್ರೋಟೀನಿನ ಹಿಂದೆ ಮೂರು ವರ್ಷ ಅಲೆದಿದ್ದೇನೆ. ಕೊನೆಗೂ ಅದು ಕೈಗೆ ಸಿಕ್ಕಲಿಲ್ಲ. ಅದಕ್ಕೇ ಇವನು ಅಂಕಣ ಬರೆಯೋಕೆ ಶುರು ಮಾಡಿದ್ದು ಅಂತ ಗೆಳೆಯರು ಇವತ್ತಿಗೂ ಗೇಲಿ ಮಾಡುತ್ತಾರೆ.

ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ಪೊರೆ ಇದೆ. ಎರಡು ಪದರ ಕೊಬ್ಬು, ದಪ್ಪ ಸುಮಾರು 4ರಿಂದ 5 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರ್ ಅನ್ನುತ್ತಾರೆ. ಈ ಕೊಬ್ಬಿನಲ್ಲಿ ನಡುಮಟ್ಟ ಮುಳುಗಿ ಕೂತಿರುವ ಪ್ರೋಟೀನ್‌ಗಳೇ ಪೊರೆಯ ಪ್ರೋಟೀನ್‌ಗಳು. ಯಾರು ಒಳಗೆ ಬರಬೇಕು, ಯಾರು ಹೊರಗೆ ಹೋಗಬೇಕು, ಹೊರಗಿನ ಸುದ್ದಿ ಒಳಗೆ ಹೇಗೆ ಮುಟ್ಟಬೇಕು, ಎಲ್ಲಾ ಇವುಗಳದ್ದೇ ಪಾರುಪತ್ಯ. ನಾವು ನುಂಗುವ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿ ಹಿಡಿದುಕೊಳ್ಳುವುದು ಇವುಗಳನ್ನೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಇದೆಯಲ್ಲ, ಪ್ಯಾಂಟೊಪ್ರಜೋಲ್, ಅದು ಹೊಟ್ಟೆಯ ಗೋಡೆಯಲ್ಲಿ ಆಮ್ಲ ಪಂಪ್ ಮಾಡುವ ಒಂದು ಪೊರೆಯ ಪ್ರೋಟೀನನ್ನು ಕಟ್ಟಿಹಾಕುತ್ತದೆ. ನೆಗಡಿಗೆ ತೆಗೆದುಕೊಳ್ಳುವ ಸೆಟಿರಿಜಿನ್ ಕೆಲಸ ಮಾಡುವುದು ಇನ್ನೊಂದರ ಮೇಲೆ. ಅಷ್ಟೇಕೆ, ಬೆಳಗಿನ ಫಿಲ್ಟರ್ ಕಾಫಿಯೂ ಅಷ್ಟೇ. ನಿದ್ದೆ ಬರಿಸುವ ಅಡಿನೋಸಿನ್ ಅನ್ನುವ ವಸ್ತು ಕೂರಬೇಕಾದ ಕುರ್ಚಿಯಲ್ಲಿ ಕೆಫೀನ್ ಮೊದಲೇ ಟವೆಲ್ ಹಾಕಿಬಿಡುತ್ತದೆ. ಆ ಕುರ್ಚಿ ಒಂದು ಪೊರೆಯ ಪ್ರೋಟೀನ್. ಕುರ್ಚಿಯ ಆಕಾರ ಸರಿಯಾಗಿ ಗೊತ್ತಾದರೆ ಅದಕ್ಕೆ ತಕ್ಕ ಔಷಧ ಮಾಡುವುದು ಸುಲಭ. ಮಗಳ ಕೆಲಸದ ಉಪಯೋಗ ಅದು.

ಕಷ್ಟ ಎಲ್ಲಿ ಬರುತ್ತದೆ ಅಂದರೆ, ಈ ಪ್ರೋಟೀನಿನ ನಡುಭಾಗ ಎಣ್ಣೆಗೆ ಒಗ್ಗಿಕೊಂಡಿದೆ. ಹಾಗೇ ನೀರಿಗೆ ತಂದರೆ ಒಂದಕ್ಕೊಂದು ಅಂಟಿ ಗಂಟಾಗಿ ಅಡಿಗೆ ಕೂರುತ್ತದೆ, ತಿರುವದೆ ಬಿಟ್ಟ ರಾಗಿ ಮುದ್ದೆಯ ಹಾಗೆ. ಅದಕ್ಕೆ ದಶಕಗಳಿಂದ ಮಾಡಿಕೊಂಡು ಬಂದ ಉಪಾಯ ಡಿಟರ್ಜೆಂಟ್, ಅಂದರೆ ಸಾಬೂನಿನ ಜಾತಿಯ ವಸ್ತು. ಅದು ಕೊಬ್ಬನ್ನೆಲ್ಲ ಬಿಡಿಸಿ, ಆ ಜಾಗಕ್ಕೆ ತಾನೇ ಹೋಗಿ ಪ್ರೋಟೀನಿನ ನಡುವನ್ನು ಸುತ್ತಿಕೊಳ್ಳುತ್ತದೆ. ಕೆಲವು ಪ್ರೋಟೀನ್‌ಗಳು ಇದನ್ನು ತಡೆದುಕೊಳ್ಳುತ್ತವೆ, ಕೆಲವು ಎರಡೇ ದಿನಕ್ಕೆ ಆಕಾರ ಬಿಟ್ಟು ಸತ್ತುಹೋಗುತ್ತವೆ.

ನಿಮ್ಮ ಕಡೆ ಅಡಿಕೆ ಸಸಿ ಕೀಳುವುದನ್ನು ನೋಡಿರುತ್ತೀರಿ. ಬೇರು ತೊಳೆದು ತಂದು ನೆಟ್ಟರೆ ಬದುಕಿದರೆ ಬದುಕಿತು, ಇಲ್ಲದಿದ್ದರೆ ಇಲ್ಲ. ಸುತ್ತ ಗುದ್ದಲಿ ಹಾಕಿ ಮಣ್ಣಿನ ಹೆಂಟೆ ಸಮೇತ ಎತ್ತಿದರೆ ಸಸಿಗೆ ಜಾಗ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಡಿಟರ್ಜೆಂಟ್ ಬೇರು ತೊಳೆಯುತ್ತದೆ, ಪಾಲಿಮರ್, ಅಂದರೆ ಸಣ್ಣ ಅಣುಗಳನ್ನು ಮಣಿಗಳ ಹಾಗೆ ಪೋಣಿಸಿದ ಉದ್ದ ಸರ, ಹೆಂಟೆ ಸಮೇತ ಎತ್ತುತ್ತದೆ. ನಿಮ್ಮ ಮಗಳು ಯಾವ ದಾರಿಯಲ್ಲಿದ್ದಾಳೆ ಅಂತ ಒಮ್ಮೆ ಕೇಳಿ ನೋಡಿ, ಅಮ್ಮನಿಗೆ ಇಷ್ಟೆಲ್ಲ ಹೇಗೆ ಗೊತ್ತಾಯ್ತು ಅಂತ ಬೆರಗಾಗುತ್ತಾಳೆ.

ಪ್ರಶ್ನೆ: ನಮ್ಮ ಪಾಠದಲ್ಲಿ ನ್ಯಾನೋಡಿಸ್ಕ್ ಅಂತ ಬಂದಿತ್ತು. ಪ್ರಾಜೆಕ್ಟ್ ಗೈಡ್ ಈಗ "ಎಸ್‌ಎಂಎ ಬಳಸು" ಅನ್ನುತ್ತಿದ್ದಾರೆ. ಎರಡೂ ಒಂದೇನಾ? ಒಂದು ಪಾಲಿಮರ್ ಪೊರೆಯನ್ನು ಕತ್ತರಿಸುವುದಾದರೂ ಹೇಗೆ?
— ಎಂಎಸ್ಸಿ ವಿದ್ಯಾರ್ಥಿ, ಧಾರವಾಡ

ಒಂದೇ ಅಲ್ಲ, ನೆಂಟರು. ನಿಮ್ಮ ಪಾಠದಲ್ಲಿ ಬಂದದ್ದು ಬಹುಶಃ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಲಿಗಾರ್ ಅವರ ಗುಂಪು 2002ರ ಸುಮಾರಿಗೆ ತಂದ ನ್ಯಾನೋಡಿಸ್ಕ್. ರಕ್ತದಲ್ಲಿ "ಒಳ್ಳೆ ಕೊಲೆಸ್ಟ್ರಾಲ್" ಅಂತ ಡಾಕ್ಟರು ಹೇಳುತ್ತಾರಲ್ಲ, ಆ ಕಣದ ಸುತ್ತ ಇರುವ ಪ್ರೋಟೀನನ್ನೇ ಸ್ವಲ್ಪ ತಿದ್ದಿ, ಕೊಬ್ಬಿನ ಬಿಲ್ಲೆಯ ಸುತ್ತ ಸೊಂಟಪಟ್ಟಿಯ ಹಾಗೆ ಕಟ್ಟಿದರು. ಬಹಳ ಚೆಂದದ ಕೆಲಸ. ಆದರೆ ಒಂದು ತೊಡಕು: ಪ್ರೋಟೀನನ್ನು ಮೊದಲು ಡಿಟರ್ಜೆಂಟ್ ಹಾಕಿಯೇ ತೆಗೆಯಬೇಕು, ಆಮೇಲೆ ಅಂಗಡಿಯಿಂದ ತಂದ ಲಿಪಿಡ್, ಅಂದರೆ ಪೊರೆಯ ಜಾತಿಯ ಕೊಬ್ಬಿನ ಜೊತೆ ಬಿಲ್ಲೆಗೆ ಕೂರಿಸಬೇಕು. ಬೇರು ತೊಳೆದ ಮೇಲೆ ಹೊಸ ಕುಂಡ, ಹೊಸ ಮಣ್ಣು.

2009ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟಿಮ್ ಡಾಫರ್ನ್, ಮೈಕೇಲ್ ಓವರ್‌ಡ್ಯೂಯಿನ್ ಮತ್ತು ಜೊತೆಗಾರರು ಸೊಂಟಪಟ್ಟಿಗೆ ಪ್ರೋಟೀನ್ ಬದಲು ಪಾಲಿಮರ್ ಬಳಸಿ ತೋರಿಸಿದರು. ಅದೇ ಎಸ್‌ಎಂಎ, ಸ್ಟೈರೀನ್ ಮ್ಯಾಲೇಯಿಕ್ ಆಸಿಡ್. ಪ್ಲಾಸ್ಟಿಕ್ ಉದ್ಯಮದಲ್ಲಿ ಮೊದಲಿನಿಂದ ಇದ್ದ ವಸ್ತು. ಡಿಟರ್ಜೆಂಟಿನ ಹಂಗೇ ಇಲ್ಲದೆ ಕೆಲಸ ಆಗುತ್ತದೆ ಅನ್ನುವುದು ಇದರ ಹೆಚ್ಚುಗಾರಿಕೆ. ಆಮೇಲಿನ ವರ್ಷಗಳಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್, ಮನುಷ್ಯರ ಕೋಶ ಎಲ್ಲದರ ಪೊರೆಯಿಂದಲೂ ನೇರವಾಗಿ ಹೀಗೆ ಪ್ರೋಟೀನ್ ತೆಗೆದಿದ್ದಾರೆ.

ಕತ್ತರಿಸುವುದು ಹೇಗೆ ಅಂದರೆ, ಈ ಪಾಲಿಮರ್ ಸರದಲ್ಲಿ ಎರಡು ಥರದ ಮಣಿಗಳಿವೆ. ಸ್ಟೈರೀನ್ ಮಣಿಗೆ ಎಣ್ಣೆ ಇಷ್ಟ, ಮ್ಯಾಲೇಯಿಕ್ ಆಸಿಡ್ ಮಣಿಗೆ ನೀರು ಇಷ್ಟ. ಸರ ಪೊರೆಯ ಮೇಲೆ ಬಿದ್ದಾಗ ಸ್ಟೈರೀನ್ ಕೊಬ್ಬಿನ ಬಾಲಗಳ ನಡುವೆ ನುಗ್ಗುತ್ತದೆ, ಆಸಿಡ್ ನೀರಿನ ಕಡೆ ಮುಖ ಮಾಡಿ ನಿಲ್ಲುತ್ತದೆ. ಹೀಗೆ ನುಗ್ಗುತ್ತಾ ನುಗ್ಗುತ್ತಾ ಪೊರೆ ಸಣ್ಣ ಸಣ್ಣ ಬಿಲ್ಲೆಗಳಾಗಿ ತುಂಡಾಗುತ್ತದೆ, ಒಂದೊಂದರ ಅಡ್ಡಗಲ ಸುಮಾರು 10 ನ್ಯಾನೋಮೀಟರ್. ಮನೆಯಲ್ಲಿ ಪೂರಿಗೆ ಒಂದೇ ದೊಡ್ಡ ಹಾಳೆ ಲಟ್ಟಿಸಿ ಡಬ್ಬಿಯ ಮುಚ್ಚಳದಲ್ಲಿ ಒತ್ತಿ ತೆಗೆಯುತ್ತಾರಲ್ವಾ, ಹಾಗೆ. ಇಲ್ಲಿ ಮಾತ್ರ ಒತ್ತಿದ ಮುಚ್ಚಳವೇ ಪೂರಿಯ ಅಂಚಾಗಿ ಉಳಿದುಬಿಡುತ್ತದೆ.

ಕಣ್ಣಾರೆ ನೋಡಬೇಕಾದ ಕೆಲಸ ಇದು. ಬ್ಯಾಕ್ಟೀರಿಯಾ ಒಡೆದು, ಸೆಂಟ್ರಿಫ್ಯೂಜಿನಲ್ಲಿ ಭೂಮಿಯ ಗುರುತ್ವದ 1,00,000 ಪಟ್ಟು ವೇಗೋತ್ಕರ್ಷದಲ್ಲಿ ಒಂದು ಗಂಟೆ ತಿರುಗಿಸಿದರೆ ಟ್ಯೂಬಿನ ಅಡಿಯಲ್ಲಿ ಪೊರೆ ಕೂತಿರುತ್ತದೆ. ಬಣ್ಣ, ಅಂಟು ಎರಡೂ ಜೋನಿ ಬೆಲ್ಲದ್ದೇ. ಅದನ್ನು ಬಫರ್‌ನಲ್ಲಿ, ಅಂದರೆ ಪಿಎಚ್ ಏರುಪೇರಾಗದ ದ್ರಾವಣದಲ್ಲಿ, ಕದಡಿದರೆ ಕಲಗಚ್ಚಿನ ಹಾಗೆ ಮಬ್ಬು ನೀರು. ಅದಕ್ಕೆ ಪಿಎಚ್ 8ರ ಹತ್ತಿರ ಎಸ್‌ಎಂಎ ಬೆರೆಸಿ, ಕೊನೆಗೆ ಶೇ. 2.5ರಷ್ಟು ಆಗುವ ಹಾಗೆ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಾ ಇದ್ದರೆ ಮಬ್ಬು ಇಳಿದು, ಆಚೆ ಬದಿಯ ಬೆರಳು ಕಾಣಿಸತೊಡಗುತ್ತದೆ. ಮೊದಲ ಸಲ ನೋಡಿದಾಗ ನಾನು ಪಕ್ಕದ ಲ್ಯಾಬಿನವರನ್ನೆಲ್ಲ ಕರೆದು ತೋರಿಸಿದ್ದೆ. ಅವರು ಯೀಸ್ಟ್ ಬೆಳೆಸುವವರು, ಏನೂ ಅನ್ನಿಸಲಿಲ್ಲ ಅವರಿಗೆ.

ಹೆಂಟೆ ಸಮೇತ ಎತ್ತಿದ್ದರ ಲಾಭಕ್ಕೆ ಎರಡು ಉದಾಹರಣೆ ಹೇಳುತ್ತೇನೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಆಂಟ್ವಾನೆಟ್ ಕಿಲಿಯನ್ ಅವರ ಗುಂಪು 2014ರಲ್ಲಿ ಕೆಸಿಎಸ್‌ಎ ಅನ್ನುವ ಪೊಟ್ಯಾಸಿಯಂ ದಾರಿಯನ್ನು ಬ್ಯಾಕ್ಟೀರಿಯಾದಿಂದ ಎಸ್‌ಎಂಎ ಹಾಕಿ ತೆಗೆದರು. ನಾಲ್ಕು ತುಂಡು ಸೇರಿ ಆಗುವ ಪ್ರೋಟೀನ್ ಅದು. ಡಿಟರ್ಜೆಂಟಿಗಿಂತ ಬಿಲ್ಲೆಯಲ್ಲಿ ಅದು ಗಟ್ಟಿಯಾಗಿ ನಿಂತಿತು. ಅದಕ್ಕಿಂತ ಮಜಾ ಏನೆಂದರೆ, ಬಿಲ್ಲೆಯಲ್ಲಿದ್ದ ಕೊಬ್ಬನ್ನು ತೂಗಿ ನೋಡಿದಾಗ ಋಣ ವಿದ್ಯುದಂಶದ ಲಿಪಿಡ್‌ಗಳು ಪೊರೆಯ ಬೇರೆ ಕಡೆಗಿಂತ ಜಾಸ್ತಿ ಇದ್ದವು. ಅಂದರೆ ಆ ಪ್ರೋಟೀನ್ ತನಗೆ ಬೇಕಾದ ನೆರೆಹೊರೆಯನ್ನು ತಾನೇ ಸುತ್ತ ಕಟ್ಟಿಕೊಂಡಿತ್ತು. ಬೇರು ತೊಳೆದಿದ್ದರೆ ಈ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ. ಇನ್ನೊಂದು, ಮೇಲೆ ಹೇಳಿದ ಕಾಫಿಯ ಕುರ್ಚಿ. ಎ2ಎ ಅನ್ನುವ ಆ ಅಡಿನೋಸಿನ್ ರಿಸೆಪ್ಟರನ್ನೂ 2015ರಲ್ಲಿ ಹೀಗೇ ತೆಗೆದರು. ಡಿಟರ್ಜೆಂಟಿನಲ್ಲಿದ್ದಾಗ ತಡೆಯುವುದಕ್ಕಿಂತ ಸುಮಾರು 5 ಡಿಗ್ರಿ ಹೆಚ್ಚು ಬಿಸಿಯನ್ನು ಅದು ಬಿಲ್ಲೆಯಲ್ಲಿ ತಡೆದುಕೊಂಡಿತು. ಐದು ಡಿಗ್ರಿ ಅಷ್ಟೇನಾ ಅನ್ನಬೇಡಿ. ಈ ಜಾತಿಯ ರಿಸೆಪ್ಟರ್‌ಗಳಿಗೆ ಅದು ಬದುಕಿಗೂ ಸಾವಿಗೂ ಇರುವ ವ್ಯತ್ಯಾಸ.

ಹಾಗಂತ ಡಿಟರ್ಜೆಂಟ್ ಬಾಟಲಿ ಎಸೆಯಬೇಡಿ. ನಿಮ್ಮ ಪ್ರೋಟೀನ್ ಡಿಟರ್ಜೆಂಟಿನಲ್ಲಿ ಚೆನ್ನಾಗಿ ಇದೆ ಅಂದರೆ ಬದಲಿಸುವ ತಲೆನೋವು ಯಾಕೆ? ಗೈಡ್‌ಗೆ ಇದನ್ನು ಹೇಳುವಾಗ ನನ್ನ ಹೆಸರು ಎತ್ತಬೇಡಿ.

ಪ್ರಶ್ನೆ: ಸ್ಟೈರೀನ್ ಅಂದರೆ ಥರ್ಮಾಕೋಲ್ ಅಲ್ವಾ? ಗಣೇಶನ ಹಬ್ಬಕ್ಕೆ ಥರ್ಮಾಕೋಲ್ ಬೇಡ ಅನ್ನುತ್ತೀರಿ, ಲ್ಯಾಬಿನಲ್ಲಿ ಅದನ್ನೇ ಪ್ರೋಟೀನಿಗೆ ಸುತ್ತುತ್ತೀರಿ!
— ಓದುಗ, ಮೈಸೂರು

ಒಳ್ಳೆ ಏಟು ಕೊಟ್ಟಿರಿ. ಥರ್ಮಾಕೋಲ್ ಪೂರ್ತಿ ಸ್ಟೈರೀನ್ ಸರ, ಅದನ್ನು ನೊರೆಯ ಹಾಗೆ ಉಬ್ಬಿಸಿದ್ದು. ಎಸ್‌ಎಂಎಯಲ್ಲಿ ನಡುನಡುವೆ ಆಸಿಡ್ ಮಣಿ ಇರುವುದರಿಂದ ಅದು ನೀರಿನಲ್ಲಿ ಕರಗುತ್ತದೆ. ಕಾರ್ಖಾನೆಯಿಂದ ಬರುವ ಪುಡಿ ಮಾತ್ರ ಕರಗುವುದಿಲ್ಲ. ಅದು ಅನ್‌ಹೈಡ್ರೈಡ್ ರೂಪ. ಕಾಸ್ಟಿಕ್ ಸೋಡಾ ನೀರಿನಲ್ಲಿ ಹಾಕಿ ಕೆಲವು ಗಂಟೆ ಕುದಿಸಿದರೆ ಕರಗುವ ರೂಪಕ್ಕೆ ಬರುತ್ತದೆ. ಆಮೇಲೆ ಆಸಿಡ್ ಹಾಕಿದ ತಕ್ಷಣ ನಿಂಬೆಹುಳಿ ಹಿಂಡಿದ ಹಾಲಿನ ಹಾಗೆ ಬಿಳಿ ಬಿಳಿಯಾಗಿ ಒಡೆಯುತ್ತದೆ. ಅದನ್ನು ತೊಳೆದು, ಮತ್ತೆ ಕರಗಿಸಿ, ತಣ್ಣಗೆ ಒಣಗಿಸಿದರೆ ಹತ್ತಿಯಂಥ ಹಗುರ ಪುಡಿ.

ಇದೇ ಕುಟುಂಬದ ಪಾಲಿಮರ್ ಮನುಷ್ಯರ ಮೈಯೊಳಗೂ ಹೋಗಿದೆ. ಜಪಾನಿನಲ್ಲಿ 1993ರಲ್ಲಿ ಲಿವರ್ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಸ್ಮ್ಯಾಂಕ್ಸ್ ಎಂಬ ಔಷಧದಲ್ಲಿ ಸ್ಟೈರೀನ್ ಮ್ಯಾಲೇಯಿಕ್ ಸರ ಇದೆ. ನಮ್ಮ ದೇಶದ್ದೇ ಇನ್ನೊಂದು ಕಥೆ ಇದೆ. ಐಐಟಿಯ ಸುಜಯ್ ಗುಹಾ ಅವರು ಗಂಡಸರಿಗಾಗಿ ಕಂಡುಹಿಡಿದ ಗರ್ಭನಿರೋಧಕ ಚುಚ್ಚುಮದ್ದು ರಿಸುಗ್. ಅದರ ಮುಖ್ಯ ವಸ್ತು ಸ್ಟೈರೀನ್ ಮ್ಯಾಲೇಯಿಕ್ ಅನ್‌ಹೈಡ್ರೈಡ್. ವೀರ್ಯನಾಳದಲ್ಲಿ ಕೂತು, ಹಾದು ಹೋಗುವ ವೀರ್ಯಾಣುಗಳ ಪೊರೆಗೆ ಪೆಟ್ಟು ಕೊಡುತ್ತದೆ ಅನ್ನುವುದು ಅದರ ವಿವರಣೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 303 ಗಂಡಸರ ಮೇಲೆ ನಡೆಸಿದ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಲ್ಲೂ ಪೊರೆಯೇ, ಇಲ್ಲೂ ಪೊರೆಯೇ. ಲ್ಯಾಬಿನ ಎಸ್‌ಎಂಎಯನ್ನು ಮಾತ್ರ ಯಾರೂ ಮೈಗೆ ಚುಚ್ಚಿಕೊಳ್ಳುವುದಿಲ್ಲ, ಬಿಡಿ.

ಪ್ರಶ್ನೆ: "ಲಿಪಿಡ್ ನ್ಯಾನೋ" ಅಂತ ಬರೆದ ಫೇಸ್ ಕ್ರೀಮ್ ಕೊಂಡಿದ್ದೇನೆ. ನೀವು ಹೇಳಿದ್ದು ಇದನ್ನೇನಾ? ಕೊರೊನಾ ಲಸಿಕೆಯಲ್ಲೂ ಇದೇ ಇತ್ತು ಅನ್ನುತ್ತಾರೆ.
— ಓದುಗರು, ಹುಬ್ಬಳ್ಳಿ

ಮೂರೂ ಬೇರೆ ಬೇರೆ. ಕೊರೊನಾದ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಇದ್ದದ್ದು ಕೊಬ್ಬಿನ ಉಂಡೆ, ಒಳಗೆ ಆರ್‌ಎನ್‌ಎ ಹೂರಣ. ನಾವು ಮಾತಾಡುತ್ತಿರುವುದು ಚಪ್ಪಟೆ ಬಿಲ್ಲೆ, ಗಾತ್ರದಲ್ಲೂ ಬಹಳ ಸಣ್ಣದು. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ನಲ್ಲಿ ಆ ಉಂಡೆಯೂ ಇರಲಿಲ್ಲ. ಇನ್ನು ಕ್ರೀಮು: ಡಬ್ಬಿಯ ಮೇಲೆ ನ್ಯಾನೋ ಅಂತ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲದ ಹಾಗಿದೆ. ಮುಖಕ್ಕೆ ಹಿಡಿಸಿದರೆ ಹಚ್ಚಿಕೊಳ್ಳಿ.

ಪ್ರಶ್ನೆ: 10 ನ್ಯಾನೋಮೀಟರ್ ಬಿಲ್ಲೆಯೊಳಗೆ ಕೂತ ಪ್ರೋಟೀನನ್ನು ನೋಡುವುದು ಹೇಗೆ?
— ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ

ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಒಂದು ಹನಿಯನ್ನು ತೆಳುವಾಗಿ ಹರಡಿ, ಐಸಿನ ಹರಳು ಕಟ್ಟಲೂ ಸಮಯ ಸಿಗದಷ್ಟು ಬೇಗ ದ್ರವ ಈಥೇನಿನಲ್ಲಿ ಅದ್ದಿ ಗಾಜಿನ ಹಾಗೆ ಗಟ್ಟಿ ಮಾಡುತ್ತಾರೆ. ಆಮೇಲೆ ಎಲೆಕ್ಟ್ರಾನ್ ಹಾಯಿಸಿ, ಬೇರೆ ಬೇರೆ ದಿಕ್ಕಿಗೆ ಬಿದ್ದಿರುವ ಲಕ್ಷಾಂತರ ಕಣಗಳ ಮಸುಕು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಟ್ಟು ಮಾಡಿ ಆಕಾರ ಕಟ್ಟುತ್ತಾರೆ. ಈ ವಿದ್ಯೆಗೆ 2017ರ ರಸಾಯನಶಾಸ್ತ್ರ ನೊಬೆಲ್ ಬಂತು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನಲ್ಲೂ ಇಂಥ ಯಂತ್ರ ಇದೆ. ಅವಕಾಶ ಸಿಕ್ಕರೆ ಹೋಗಿ ನೋಡಿ, ಬೀರುವಿಗಿಂತ ದೊಡ್ಡದು.

ನಿಮಗೆ ಒಂದು ಚಿತ್ರದ ಬಗ್ಗೆ ಹೇಳಲೇಬೇಕು. ಎಸಿಆರ್‌ಬಿ ಅಂತ ಒಂದು ಪ್ರೋಟೀನ್ ಇದೆ. ನಾವು ನುಂಗಿದ ಆಂಟಿಬಯಾಟಿಕನ್ನು ಬ್ಯಾಕ್ಟೀರಿಯಾ ಹೊರಗೆ ಉಗುಳುವ ಪಂಪ್ ಅದು, ಮೂರು ತುಂಡು ಸೇರಿ ನಡುವೆ ಒಂದು ಗೂಡು. ಡಿಟರ್ಜೆಂಟ್ ಹಾಕಿ ತೆಗೆದ ಚಿತ್ರಗಳು ಎಷ್ಟೋ ವರ್ಷದಿಂದ ಇದ್ದವು, ಆದರೆ ಆ ಗೂಡಿನಲ್ಲಿ ಏನಿದೆ ಅಂತ ಸ್ಪಷ್ಟ ಇರಲಿಲ್ಲ. 2018ರಲ್ಲಿ ಎಸ್‌ಎಂಎ ಹಾಕಿ ತೆಗೆದು 0.32 ನ್ಯಾನೋಮೀಟರ್ ಸ್ಪಷ್ಟತೆಯಲ್ಲಿ ನೋಡಿದರೆ, ಗೂಡಿನೊಳಗೆ ಕೊಬ್ಬಿನ ಎರಡು ಪದರವೂ ಹಾಗೇ ಇದೆ, ಬಾಲಗಳು ಜೇನುಗೂಡಿನ ಥರ ಆರು ಮೂಲೆಯ ಜೋಡಣೆಯಲ್ಲಿ ಕೂತಿವೆ! ಪೊರೆಯ ಕೊಬ್ಬು ಅಂದರೆ ಬರೀ ಎಣ್ಣೆಯ ಕೆರೆ ಅಂದುಕೊಂಡಿದ್ದವರಿಗೆ ಅದು ಪೆಟ್ಟು.

ಪ್ರಶ್ನೆ: ಎಟಿಪಿ (ಕೋಶದ ಇಂಧನ) ಬಳಸುವ ಒಂದು ಟ್ರಾನ್ಸ್‌ಪೋರ್ಟರ್ (ಪೊರೆಯ ಆಚೀಚೆ ವಸ್ತು ಸಾಗಿಸುವ ಪ್ರೋಟೀನ್) ಮೇಲೆ ಕೆಲಸ ಮಾಡುತ್ತೇನೆ. ಎಸ್‌ಎಂಎಯಲ್ಲಿ ಚೆನ್ನಾಗಿ ಬಂತು. ಚಟುವಟಿಕೆ ಅಳೆಯೋಣ ಅಂತ ಎಟಿಪಿ ಜೊತೆ 5 ಮಿಲಿಮೋಲಾರ್ ಮೆಗ್ನೀಸಿಯಂ ಹಾಕಿದ ಕೂಡಲೇ ಟ್ಯೂಬೆಲ್ಲ ಹಾಲಿನ ಹಾಗೆ ಬೆಳ್ಳಗಾಯಿತು. ನಿಕಲ್ ಕಾಲಮ್ಮಿನಲ್ಲೂ ಅರ್ಧ ಹರಿದುಹೋಗುತ್ತಿದೆ. ಎಲ್ಲಿ ತಪ್ಪಿದೆ?
— ಹಾಸನದವಳು, ಈಗ ಜರ್ಮನಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿ

ನಿಮ್ಮ ಕೈ ತಪ್ಪಿಲ್ಲ, ಅದು ಎಸ್‌ಎಂಎಯ ಜಾತಿಗುಣ. ಊರಲ್ಲಿ ಬೋರ್‌ವೆಲ್ ಗಡಸು ನೀರಿಗೆ ಸಾಬೂನು ಉಜ್ಜಿದರೆ ನೊರೆ ಬರದೆ ಬಕೆಟ್ ಅಂಚಿಗೆ ಬಿಳಿ ಕೊಳೆ ಕಟ್ಟುತ್ತದಲ್ಲ, ಅದೇ ಕಥೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಆಸಿಡ್ ಗುಂಪುಗಳನ್ನು ಹಿಡಿದುಕೊಂಡರೆ ಸರಕ್ಕೆ ನೀರಿನಲ್ಲಿ ನಿಲ್ಲಲು ಆಗುವುದಿಲ್ಲ, ಪ್ರೋಟೀನನ್ನೂ ಎಳೆದುಕೊಂಡು ಕೂತುಬಿಡುತ್ತದೆ. ಪಿಎಚ್ ಸುಮಾರು 6.5ಕ್ಕಿಂತ ಇಳಿದರೂ ಇದೇ ಗತಿ. ಮೊದಲು ಮೆಗ್ನೀಸಿಯಂ ಇಳಿಸಿ ನೋಡಿ. ಒಂದೆರಡು ಮಿಲಿಮೋಲಾರಿನಲ್ಲಿ, ಎಟಿಪಿಯೇ ಅದನ್ನು ಹಿಡಿದುಕೊಂಡಿರುವಾಗ, ಎಷ್ಟೋ ಸಲ ಕೆಲಸ ನಡೆಯುತ್ತದೆ.

ಆಗಲಿಲ್ಲ ಅಂದರೆ ಪಾಲಿಮರ್ ಬದಲಿಸಿ. ನೀವಿರುವ ದೇಶದಲ್ಲೇ, ಕೈಸರ್ಸ್‌ಲೌಟರ್ನ್‌ನಲ್ಲಿ, ಸಾಂಡ್ರೊ ಕೆಲ್ಲರ್ ಅವರ ಗುಂಪು 2017ರಲ್ಲಿ ಡಿಬ್ಮಾ ಅನ್ನುವುದನ್ನು ತಂದಿತು. ಸ್ಟೈರೀನ್ ಬದಲು ಡೈಐಸೋಬ್ಯುಟಿಲೀನ್. ಮೆಗ್ನೀಸಿಯಂ, ಕ್ಯಾಲ್ಸಿಯಂ ಅದಕ್ಕೆ ಬಹಳ ಮಟ್ಟಿಗೆ ಸಹನೆ ಆಗುತ್ತದೆ. ಬೆಂಜೀನ್ ಉಂಗುರ ಇಲ್ಲದ್ದರಿಂದ 280 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯಿಸಿ ಪ್ರೋಟೀನ್ ಅಳೆಯುವಾಗ ಅಡ್ಡ ಬರುವುದೂ ಇಲ್ಲ. ಎಸ್‌ಎಂಎ ಇದ್ದರೆ ಆ ಅಳತೆಯನ್ನು ನಂಬಲೇಬೇಡಿ, ಜೆಲ್ ಓಡಿಸಿ ಪಟ್ಟಿ ನೋಡಿ ಅಂದಾಜು ಮಾಡಿ. ಡಿಬ್ಮಾದ ದೋಷ ಏನೆಂದರೆ ಅದು ಸ್ವಲ್ಪ ಮೆತ್ತಗೆ, ಕೆಲವು ಪೊರೆಗಳಿಂದ ಇಳುವರಿ ಕಡಿಮೆ ಬರುತ್ತದೆ. ಪಿಎಚ್ ಇಳಿಸಿಯೇ ಕೆಲಸ ಮಾಡಬೇಕಾದವರಿಗೆ ಧನ ವಿದ್ಯುದಂಶದ ಎಸ್‌ಎಂಐ ಇದೆ, ನಿಮಗೆ ಅದು ಬೇಡ.

ನಿಕಲ್ ವಿಷಯ. ಉಳಿದ ಓದುಗರಿಗೆ: ಪ್ರೋಟೀನಿಗೆ ಒಂದು ಗುರುತಿನ ಬಾಲ ಕಟ್ಟಿರುತ್ತಾರೆ, ಅದನ್ನು ನಿಕಲ್ ಹಚ್ಚಿದ ಮಣಿಗಳು (ರೆಸಿನ್) ಹಿಡಿದುಕೊಳ್ಳುತ್ತವೆ, ಬೇಡದ್ದು ಹರಿದುಹೋಗುತ್ತದೆ. ಬಿಲ್ಲೆ ಕಟ್ಟದೆ ಸುಮ್ನೆ ಅಲೆಯುವ ಪಾಲಿಮರ್ ಜಾಸ್ತಿ ಇದ್ದಾಗ ಅದೂ ನಿಕಲ್ ಮೇಲೆ ಹೋಗಿ ಕೂರುತ್ತದೆ, ನಿಮ್ಮ ಪ್ರೋಟೀನಿಗೆ ಜಾಗ ಸಿಗುವುದಿಲ್ಲ. ಕಾಲಮ್ಮಿನಲ್ಲಿ ಹರಿಸಿ ಹತ್ತು ನಿಮಿಷಕ್ಕೆ ಮುಗಿಸುವ ಆಸೆ ಬಿಡಿ. ರೆಸಿನ್ ಜೊತೆ ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ತಿರುಗಲು ಬಿಡಿ. ಪೊರೆ ಎಷ್ಟು ಹಾಕಿದಿರಿ ಅಂತಲೂ ತೂಗಿ ನೋಡಿ, ಒಂದು ಮಿಲಿಲೀಟರಿಗೆ 30ರಿಂದ 40 ಮಿಲಿಗ್ರಾಂ ಹಸಿ ತೂಕದ ಆಸುಪಾಸು ಇದ್ದರೆ ಪಾಲಿಮರ್ ವ್ಯರ್ಥ ಅಲೆಯುವುದು ಕಡಿಮೆ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಎಟಿಪಿ ಒಡೆಯುವುದನ್ನು ಬಿಲ್ಲೆಯಲ್ಲಿ ಅಳೆಯಬಹುದು, ಸಾಗಣೆಯನ್ನು ಅಳೆಯಲಾಗದು. ಬಾಗಿಲಿದೆ, ಚೌಕಟ್ಟಿದೆ, ಮನೆಯೇ ಇಲ್ಲ. ಒಳಗೆ ಹೊರಗೆ ಅಂತ ಇಲ್ಲದ ಮೇಲೆ ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳುವುದು ಹೇಗೆ? ಅದಕ್ಕೆ ಲಿಪೋಸೋಮೇ, ಅಂದರೆ ಕೊಬ್ಬಿನ ಪುಟ್ಟ ಚೀಲವೇ ಆಗಬೇಕು.

ಮೆಗ್ನೀಸಿಯಂ ಕದ್ದು ಬರುವ ಇನ್ನೊಂದು ದಾರಿಯೂ ಇದೆ, ನಾನು ಬಿದ್ದ ಗುಂಡಿ ಅದು. ಕೋಶ ಒಡೆಯುವಾಗ ಡಿಎನ್‌ಎ ಗೋಂದಿನ ಹಾಗೆ ಎಳೆಯುತ್ತದೆ ಅಂತ ಅದನ್ನು ಕತ್ತರಿಸುವ ಡಿಎನೇಸ್ ಅನ್ನುವ ಕಿಣ್ವ ಹಾಕುತ್ತೇವೆ, ಅದಕ್ಕೆ ಮೆಗ್ನೀಸಿಯಂ ಬೇಕು ಅಂತ ಅದನ್ನೂ ಧಾರಾಳವಾಗಿ ಸುರಿಯುತ್ತೇವೆ. ಪೊರೆಯ ಜೊತೆ ಅದು ಉಳಿದುಕೊಂಡು ಎಸ್‌ಎಂಎ ಹಾಕಿದಾಗ ಕೈ ಕೊಡುತ್ತದೆ. ಆರು ಲೀಟರ್ ಕಲ್ಚರ್ ನಾನು ಹೀಗೆ ಸಿಂಕಿಗೆ ಸುರಿದಿದ್ದೇನೆ, ಎಸ್‌ಎಂಎ ಬ್ಯಾಚೇ ಸರಿ ಇಲ್ಲ ಅಂತ ಎರಡು ವಾರ ಅದನ್ನು ಬೈದುಕೊಂಡು. ಪೊರೆಯನ್ನು ಮೆಗ್ನೀಸಿಯಂ ಇಲ್ಲದ ಬಫರ್‌ನಲ್ಲಿ ಒಮ್ಮೆ ಕದಡಿ, ಮತ್ತೆ ಒಂದು ಗಂಟೆ ಸೆಂಟ್ರಿಫ್ಯೂಜಿಗೆ ಹಾಕಿ, ಆಮೇಲೆ ಪಾಲಿಮರ್ ಮುಟ್ಟಿ.